ಲೈನು ಸುತ್ತಿ ಬಂದ ಬೂದುಗುಂಬಳ

ಭದ್ರಾವತಿ
೧೨-೧೨-೧೯೩೮

ಮುದ್ದಿನ ತಂಗಿ ಉಮಾಮಹೇಶ್ವರಿಗೆ, ಕಾರ್ಖಾನೆಯ ಹೊಗೆ ಕುಡಿದರೂ ಗಟ್ಟಿಯಾಗಿರುವ ನಿನ್ನ ಅಕ್ಕನ ಆಶೀರ್ವಾದ.

ಮಂಡಿನೋವು, ಬಾಣಂತನಕ್ಕೆ ಶಿವಮೊಗ್ಗೆಯಿಂದ ಬರಲಾರೆ ಅಂತ ನೀನು ಬರೆದ ಕಾಗದ ಹೋದ ತಿಂಗಳೇ ತಲುಪಿತು. ಸಿಟ್ಟು ಬರಲಿಲ್ಲ ಮಾರಾಯ್ತಿ, ಹೆದರಿಕೆಯಾಯಿತು. ಸೊಸೆ ಕರಿಬಸಮ್ಮನಿಗೆ ದಿನ ತುಂಬುತ್ತಾ ಬಂದಿತ್ತು. ಮಗ ಪರಮೇಶ ಕಾರ್ಖಾನೆಗೆ ಹೋದರೆ ಮನೆಯಲ್ಲಿ ನಾವಿಬ್ಬರೇ. ಕಾರ್ಖಾನೆಯವರು ಸಾಲಾಗಿ ಕಟ್ಟಿಸಿದ ಈ ಲೈನು ಮನೆಗೆ ಬಂದು ಐದು ತಿಂಗಳಾದರೂ ಒಬ್ಬರ ಹೊಸ್ತಿಲನ್ನೂ ತುಳಿದಿರಲಿಲ್ಲ. ನೋವು ಬಂದರೆ ಯಾರನ್ನು ಕೂಗಲಿ?

ಬಚ್ಚಲ ನೀರು ಕುಡಿದು ಹಿತ್ತಲ ಬೂದುಗುಂಬಳದ ಬಳ್ಳಿಗೆ ಮದ ಬಂದಿತ್ತು, ಹದಿನೇಳು ಕಾಯಿ. ಅವ್ವಾ, ಇನ್ನೊಂದು ದಿನ ಮಜ್ಜಿಗೆಹುಳಿ ಮಾಡಿದರೆ ಕುಲುಮೆ ಹತ್ತಿರವೇ ಮಲಗ್ತೀನಿ ಅಂತ ಪರಮೇಶ ಹೇಳಿಬಿಟ್ಟ. ಹಂಚಿದರೆ ನಾಲ್ಕು ಜನರ ಗುರುತಾದರೂ ಆದೀತು ಅಂತ ಒಂದನ್ನು ಹೊತ್ತು ಪಕ್ಕದ ಮನೆಯ ಸುವರ್ಣಮ್ಮನಿಗೆ ಕೊಟ್ಟೆ. ಹೋಳು ಮಾಡಿಯೇ ಕೊಡಬೇಕಿತ್ತು. ಆದರೆ ಬೂದುಗುಂಬಳ ಒಡೆಯುವುದು ಗಂಡಸರ ಕೆಲಸವಲ್ಲವೇ, ಮಗ ಮನೆಯಲ್ಲಿರಲಿಲ್ಲ. ಇಡೀ ಕಾಯಿ ಕೊಟ್ಟರೆ ದಾನವಾಗುತ್ತದೆ, ಕೊಟ್ಟವರ ಗ್ರಹಚಾರ ಇಸಕೊಂಡವರ ಹೆಗಲೇರುತ್ತದೆ ಅನ್ನುವುದು ಮನೆಗೆ ಬಂದ ಮೇಲೆ ನೆನಪಾಯಿತು.

ಮರುದಿನದಿಂದ ಸುವರ್ಣಮ್ಮ ನನ್ನ ಕಂಡರೆ ಬಾಗಿಲು ಮುಂದೆ ಮಾಡಿಕೊಳ್ಳುವಳು. ನಾಲ್ಕನೆಯ ದಿನ ಕೊನೆ ಮನೆಯ ಕಾಳಮ್ಮ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಬಂದಳು. ನಮ್ಮ ಹಿತ್ತಲಲ್ಲಿ ಬೆಳೆದದ್ದು ಅಜ್ಜಿ, ಬೇಡ ಅನ್ನಬಾರದು ಅಂದಳು. ನೋಡುತ್ತೇನೆ, ನನ್ನದೇ ಬೂದುಗುಂಬಳ, ಮೇಲೆ ದೃಷ್ಟಿಯಾಗದಿರಲಿ ಅಂತ ನಾನೇ ಇಟ್ಟ ಸುಣ್ಣದ ಬೊಟ್ಟು. ಅವಳ ಹಿತ್ತಲಲ್ಲಿ ಇರುವುದು ಒಂದು ಸೌದೆ ರಾಶಿ, ಒಂದು ಕೋಳಿಗೂಡು.

ಎಷ್ಟು ಮನೆ ನೋಡಿಕೊಂಡು ಬಂತೇ ಇದು ಅಂತ ಕೇಳಿದೆ. ಪಾಪ, ಬೆವರಿದಳು. ಎದುರು ಮನೆಯ ತಮಿಳು ಹೆಂಗಸು ಬಾಗಿಲಲ್ಲಿಟ್ಟು ಓಡಿಹೋದಳಂತೆ, ಅವಳಿಗೆ ಸುವರ್ಣಮ್ಮ ಕೊಟ್ಟದ್ದಂತೆ. ನಾನೂ ಮಕ್ಕಳೊಂದಿಗಳಲ್ಲವೇ ಅಜ್ಜಿ, ಇಡೀ ಕಾಯಿ ಹೇಗೆ ಇಟ್ಟುಕೊಳ್ಳಲಿ ಅಂದಳು.

ಸಿಟ್ಟು ಬರಬೇಕಿತ್ತು, ನಗು ಬಂತು. ಬೀದಿಯಲ್ಲಿ ನಿಂತು, ನನಗೊಬ್ಬ ಗಂಡಸು ಬೇಕು, ಕೊಡಲಿ ಸಮೇತ ಅಂತ ಕೂಗಿದೆ. ಎಂಟು ಬಾಗಿಲು ಒಟ್ಟಿಗೇ ತೆರೆದವು. ಪಾಳಿ ಮುಗಿಸಿ ಮಲಗಿದ್ದ ಸುವರ್ಣಮ್ಮನ ಗಂಡ ಧರ್ಮಪ್ಪ ಎದ್ದು ಬಂದು, ಎಲ್ಲರೆದುರು ಒಂದೇ ಏಟಿಗೆ ಒಡೆದ. ಬಗ್ಗಿ ನೋಡಿ, ಗ್ರಹಚಾರ ಏನೂ ಕಾಣ್ತಾ ಇಲ್ಲ ಅಜ್ಜಿ, ಬರೀ ಬೀಜ ಅಂದ. ಸುವರ್ಣಮ್ಮ ತಲೆ ತಗ್ಗಿಸಿಕೊಂಡೇ ಈಳಿಗೆಮಣೆ ತಂದಳು. ತಮಿಳು ಹೆಂಗಸು ಸಕ್ಕರೆ ತಂದಳು, ಕಾಳಮ್ಮ ಸೌದೆ. ಒಲೆಯ ಮೇಲೆ ಹಲ್ವ ಗಟ್ಟಿಯಾಗುವ ಹೊತ್ತಿಗೆ ಸೊಸೆಯ ಹೊಟ್ಟೆ ನೋಡಿ ಗಂಡೋ ಹೆಣ್ಣೋ ಅಂತ ಎರಡು ಭಾಷೆಯಲ್ಲಿ ಜಗಳ ಹತ್ತಿತ್ತು.

ನಿನಗೂ ಒಂದು ಕಾಯಿ ರೈಲಿನಲ್ಲಿ ಕಳಿಸುತ್ತಿದ್ದೇನೆ. ಇಡಿಯಾಗಿದೆ. ಅಕ್ಕನ ಗ್ರಹಚಾರ ತಂಗಿಯಲ್ಲದೆ ಇನ್ಯಾರು ಹೊರಬೇಕು?

ನಿನ್ನ ಅಕ್ಕ
ಕಾಶಮ್ಮ

ಇನ್ನೊಂದು ಮಾತು: ಶನಿವಾರ ಬೆಳಿಗ್ಗೆ ಸೊಸೆ ಹೆತ್ತಳು. ಹೆಣ್ಣು ಮಗು, ಇಬ್ಬರೂ ಕ್ಷೇಮ. ಮೇಲೆಯೇ ಬರೆದಿದ್ದರೆ ಉಳಿದದ್ದನ್ನು ನೀನು ಓದುತ್ತಿರಲಿಲ್ಲ. ಯಾರನ್ನೂ ಕೂಗುವ ಪ್ರಮೇಯ ಬರಲಿಲ್ಲ, ಕಾಯಿ ದಾಟಿಸಿದ ಆ ಮೂವರೂ ನಮ್ಮ ಮನೆಯಲ್ಲೇ ಹರಟುತ್ತಾ ಕೂತಿದ್ದರು. ಈಗ ಬಾಣಂತನವೆಲ್ಲ ಅವರದೇ. ನಿಮಗೆ ಗೊತ್ತಾಗಲ್ಲ, ಆಚೆ ಕೂತ್ಕೊಳ್ಳಿ ಅಂತ ನನ್ನನ್ನೇ ಅಡುಗೆಮನೆಯಿಂದ ಹೊರಗೆ ಹಾಕಿದ್ದಾರೆ. ಅದಕ್ಕೇ ಇಷ್ಟುದ್ದ ಕಾಗದ ಬರೆಯಲು ಪುರಸೊತ್ತು ಸಿಕ್ಕಿತು.