ಕುಮನ ಮೂಗು

ಉಝಿತ್ಸೆ, ನವೆಂಬರ್ 14, ಗುರುವಾರ

ಬಲಗೈ ಊದಿಕೊಂಡಿದೆ, ಪೆನ್ನು ಹಿಡಿಯುವುದೇ ಕಷ್ಟ. ಮದುವೆಯಲ್ಲಿ ಸಾಕ್ಷಿಯಾಗಿ ನಿಂತು ನನಗೆ ಧರ್ಮಬಂಧು, ನಮ್ಮ ಮಾತಿನಲ್ಲಿ ಕುಮ್, ಆದ ಆ ರಾದೋಯೆಯ ಮೂಗು ಮುರಿದೆ. ಕುಮನ ಮೇಲೆ ಕೈಮಾಡಿದವನ ಮನೆಯಲ್ಲಿ ನಮ್ಮ ಕಡೆ ಯಾರೂ ನೀರು ಸಹ ಮುಟ್ಟುವುದಿಲ್ಲ. ಮುಟ್ಟದಿದ್ದರೆ ಸಾಯಲಿ.

ನಾನು ಊಟಕ್ಕೆ ಹೋದಾಗ ಆ ದರಿದ್ರದವನು ವರ್ಕ್‌ಶಾಪಿನ ಕಂಪ್ಯೂಟರಿನಿಂದ ವಿಂಡೋಸ್ 98 ಅಳಿಸಿ ಹೊಸದನ್ನು ಹಾಕಿದ್ದ. ತಗಡು ಕತ್ತರಿಸುವ ನನ್ನ ಯಂತ್ರ ಆ ಹಳೆಯದರ ಮಾತು ಬಿಟ್ಟು ಬೇರೆ ಯಾರ ಮಾತನ್ನೂ ಕೇಳುವುದಿಲ್ಲ. ಹೊಸ ಯಂತ್ರ ಕೊಳ್ಳಲು ಮನೆಯನ್ನೇ ಮಾರಬೇಕು. ಇದ್ದದ್ದು ಈಗ ಹೆಣದಂತೆ ಬಿದ್ದಿದೆ.

"ನಿನ್ನ ಒಳ್ಳೇದಕ್ಕೇ ಮಾಡ್ದೆ ಕಣೋ. ಇನ್ನೂ ಮುತ್ತಜ್ಜಿ ಕಾಲದಲ್ಲೇ ಇರ್ತೀಯಾ?" ಅಂದ. ಆಮೇಲೆ ಕೀಬೋರ್ಡಿನ ತುಂಬ ರಕ್ತ. ಸುತ್ತಿಗೆ ಕೈಗೆ ಸಿಕ್ಕಿದ್ದರೆ ಕೊಂದೇ ಬಿಡುತ್ತಿದ್ದೆ, ಸುಳ್ಳೇಕೆ ಹೇಳಲಿ.

ಸಂಜೆ ಅವನದೇ ಫೋನು. ಭಾನುವಾರ ಚರ್ಚಿನಲ್ಲಿ ನನ್ನ ಮಗಳಿಗೆ ಹೆಸರಿಡಬೇಕಾದವನು ಅವನೇ. ಕುಮ್ ಇಟ್ಟ ಹೆಸರನ್ನು ಅಪ್ಪ ಬೇಡ ಎನ್ನುವಂತಿಲ್ಲ.

"ಮೂಗಿಗೆ ಬ್ಯಾಂಡೇಜ್ ಸುತ್ಕೊಂಡೇ ಬರ್ತೀನಿ ಕಣೋ. ನಿಂಗೆ ಹಳೇದೇ ತಾನೇ ಬೇಕು? ಮಗೂಗೆ ನಿನ್ನ ಮುತ್ತಜ್ಜಿ ಹೆಸರೇ ಇಡ್ತೀನಿ. ಸ್ತಾನೋಯ್ಕಾ!"

ಈಗ ಯಾರೂ ಇಡದ ಆ ಹಳೇ ಹೆಸರು ಕೇಳಿ ಒಳಗೆ ಹೆಂಡತಿ ಅಳುತ್ತಿದ್ದಾಳೆ. ಎಡಗೈ ಇನ್ನೂ ಚೆನ್ನಾಗಿದೆ.