ಭೂಮಿತಾತ ಒಪ್ಪಿದ ಸಿನಿಮಾ

ದೊಂಗ್‌ಗಾಂಗ್,
ಮಾರ್ಚ್ 3, 2024, ಭಾನುವಾರ

ಪ್ರೀತಿಯ ತಮ್ಮ ಆ-ಷಿಯಾಂಗ್,

ನಿನ್ನೆ ಬೆಳಿಗ್ಗೆ ನಮ್ಮ ಓಣಿಯ ಗುಡಿದೇವರು ಭೂಮಿತಾತ ತನ್ನ ಹುಟ್ಟುಹಬ್ಬಕ್ಕೆ ನಿನ್ನದೊಂದು ಸಿನಿಮಾ ನೋಡಲು ಒಪ್ಪಿದ. ಓಣಿಗೆಲ್ಲ ಸಾರಿದವರು ಗುಡಿ ನೋಡಿಕೊಳ್ಳುವ ಖೂನ್-ಮು ಮಾವ. ನಾನೂ ಅಲ್ಲೇ ನಿಂತಿದ್ದೆ, ಹಾಗಾಗಿ ಸುದ್ದಿ ಖಚಿತ. ಯಾವ ಸಿನಿಮಾ ಎಂದು ಆಮೇಲೆ ಹೇಳುತ್ತೇನೆ. ಮೊದಲು ನಿನ್ನ ಮೊಣಕಾಲು ಹೇಗಿದೆ, ಬರೆ. ತೈಪೆಯಲ್ಲಿ ಇನ್ನೂ ಚಳಿಯಂತೆ. ಹಳೆಯ ರೀಲು ನೋಡುತ್ತಾ ಕೂರುವಾಗ ಕಾಲಿಗೆ ಏನಾದರೂ ಹೊದ್ದುಕೊ. ಅಮ್ಮ ಚೆನ್ನಾಗಿದ್ದಾಳೆ. ಎಂಬತ್ತೇಳು ವರ್ಷಕ್ಕೆ ಬಲಗಿವಿ ಮಂದವಾಗಿದೆ, ನಾಲಿಗೆ ಆಗಿಲ್ಲ.

ನಿನ್ನ ನಾಟಕ-ಸಿನಿಮಾಗಳ ಉತ್ಸವದ ಪುಸ್ತಿಕೆ ತಲುಪಿತು. ಕಾಗದ ಚೆನ್ನಾಗಿದೆ, ನಿನ್ನ ಫೋಟೊದಲ್ಲಿ ಮಾತ್ರ ಅಪ್ಪನಿಗಿಂತ ಮುದುಕನಾಗಿ ಕಾಣುತ್ತೀಯೆ. ಹನ್ನೊಂದು ನಾಟಕ, ಆರು ಸಿನಿಮಾ, ಎಲ್ಲವನ್ನೂ ಅಮ್ಮನಿಗೆ ಗಟ್ಟಿಯಾಗಿ ಓದಿದೆ. ಒಂದು ತಪ್ಪಿದೆ, ಮೂವತ್ತು ವರ್ಷ ಪತ್ರಿಕೆಯಲ್ಲಿ ದುಡಿದವಳಾಗಿ ಹೇಳಲೇಬೇಕು. ಮೊದಲ ಸಿನಿಮಾ ‘ಮೂರನೇ ಪಾಳಿ’, 1991 ಎಂದು ಅಚ್ಚಾಗಿದೆ. ಅದು ಎರಡನೆಯದು. ಅಮ್ಮ ಕೊನೆಯವರೆಗೂ ಕೇಳಿಸಿಕೊಂಡು, “ಐಸಿನವಳು ಎಲ್ಲಿ?” ಎಂದಳು. ಅಚ್ಚಿನವರು ಬಿಟ್ಟಿರಬೇಕು ಅಂದೆ. “ಅಚ್ಚಿನೋರು ಯಾಕೆ ಬಿಡ್ತಾರೆ? ಬಿಟ್ಟೋನು ನಿನ್ನ ತಮ್ಮ” ಎಂದು ಎದ್ದು ಹೋಗಿ ಒಣಗಿದ ಬಟ್ಟೆ ಮಡಚತೊಡಗಿದಳು. ಕೋಪವೇನೂ ಇರಲಿಲ್ಲ. ಆದರೆ ಒಂದೇ ಟವೆಲನ್ನು ಮೂರು ಸಲ ಮಡಚಿದಳು.

ಇನ್ನು ಗುಡಿಯ ವಿಷಯ. ಪ್ರತಿವರ್ಷ ಹುಟ್ಟುಹಬ್ಬಕ್ಕೆ ತಾತನ ಮುಂದೆ ಬಾಡಿಗೆಯ ಕತ್ತಿಕಾಳಗದ ಚಿತ್ರ ಹಾಕಿಸುತ್ತೇವಲ್ಲ, ಈ ಸಲ ನಮ್ಮ ಹುಡುಗನದೇ ಇರಲಿ ಎಂದು ಸಮಿತಿಯವರು ತೀರ್ಮಾನಿಸಿದರು. (ಅರವತ್ತು ದಾಟಿದರೂ ನೀನು ಅವರಿಗೆ ಹುಡುಗನೇ.) ಖೂನ್-ಮು ಮಾವ ನಿನ್ನ ಪುಸ್ತಿಕೆ ಹಿಡಿದು ಒಂದೊಂದೇ ಹೆಸರು ಹೇಳಿ, ತಾತನ ಒಪ್ಪಿಗೆ ಕೇಳುವ ಮರದ ಜೋಡಿತುಂಡು ಎಸೆದರು. ‘ಮೂರನೇ ಪಾಳಿ’ಗೆ ಎರಡೂ ತುಂಡು ಕವುಚಿ ಬಿದ್ದವು, ಬೇಡ. ‘ಉಪ್ಪಿನ ಗೋದಾಮು’, ಬೇಡ. ಪ್ಯಾರಿಸ್ಸಿನಲ್ಲಿ ಬಹುಮಾನ ಬಂತಲ್ಲ, ಅದಕ್ಕೆ ಎರಡೂ ಅಂಗಾತ ಬಿದ್ದು ತೊಟ್ಟಿಲಿನಂತೆ ತೂಗಾಡಿದವು. ಹಾಗೆ ಬಿದ್ದರೆ ದೇವರು ನಕ್ಕ ಎಂದರ್ಥ, ನಿನಗೆ ಗೊತ್ತಿದ್ದದ್ದೇ. “ತಾತನಿಗೆ ಅರ್ಥ ಆಗ್ಲಿಲ್ಲ ಕಣಮ್ಮ. ನಂಗೂ ಆಗಿರ್ಲಿಲ್ಲ ಬಿಡು” ಎಂದರು ಮಾವ. ಆರೂ ಮುಗಿದವು. ಕತ್ತಿಕಾಳಗಕ್ಕೇ ಹೋಗೋಣ ಎನ್ನುವಾಗ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತಿದ್ದ ಅಮ್ಮ, “ಐಸಿನ ಗಾಡಿ ಅಂತ ಒಂದಿದೆ, ಅದನ್ನ ಕೇಳು” ಎಂದಳು. “ಪುಸ್ತಕದಲ್ಲಿ ಇಲ್ವಲ್ಲಾ?” “ತಾತ ಪುಸ್ತಕ ಓದ್ತಾನೇನೋ? ಎಸಿ.” ಒಂದು ಅಂಗಾತ, ಒಂದು ಕವುಚಿ. ಸತತ ಮೂರು ಸಲ ಹಾಗೇ ಬಿತ್ತು, ತಾತ ಒಪ್ಪಿದ.

ಆ ಚಿತ್ರವನ್ನು ನೀನೇಕೆ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ನನಗೆ ಗೊತ್ತು. 1983ರಲ್ಲಿ ಸೈನ್ಯದಿಂದ ಬಿಡುಗಡೆಯಾಗಿ ಬಂದವನು ಎರವಲು ಕ್ಯಾಮೆರಾದಲ್ಲಿ ಅಮ್ಮನನ್ನು ಬಂದರಿನ ಐಸು ಮಾರುವವಳಾಗಿ ತೆಗೆದೆ. ದನಿ ಸೇರಿಸುವ ಮುಂಚೆ ನಾಯಕನಾಗಿ ನಟಿಸಿದ್ದ ದೋಣಿಯ ಅಡುಗೆಯವನು ಟ್ಯೂನಾ ಮೀನು ಹಿಡಿಯಲು ಹೊರಟೇಹೋದ. ಮೀನಿನ ಹರಾಜುಕಟ್ಟೆಯಲ್ಲಿ ಪರದೆ ಕಟ್ಟಿ, ಹಿಂದೆ ನೀನೂ ಅಮ್ಮನೂ ನಿಂತು ಮಾತು ಹೇಳಿದಿರಿ. ಚಿತ್ರದಲ್ಲಿ ದೋಣಿಯವನು ದಿನಾ ಬಂದು ಐಸಿನವಳನ್ನು ಮದುವೆಗೆ ಕೇಳುತ್ತಾನೆ: “ಈ ಐಸು ಕರಗೋದ್ರೊಳಗೆ ಹೂಂ ಅಂತೀಯೋ ಇಲ್ವೋ?” ಅವಳು, “ಕರಗಲಿ ಬಿಡು, ನಾಳೆ ಬೇರೆ ಬರುತ್ತೆ.” ಜನ ಅಳಬೇಕೆಂದು ನೀನು ಬರೆದಿದ್ದೆ. ಆದರೆ ಇಡೀ ಬಂದರಿಗೆ ಇಬ್ಬರ ದನಿಯೂ ಗೊತ್ತು. ಮಗ ತಾಯಿಯನ್ನು ಮದುವೆಗೆ ಕೇಳುತ್ತಿದ್ದಾನೆಂದು ಬೆಂಚು ಬಡಿದು ನಕ್ಕರು. ಜನ ನಕ್ಕರು ಎಂದೇ ನಾನು ಪತ್ರಿಕೆಗೆ ಬರೆದೆ, ನೀನು ಬೇಸಿಗೆಯಿಡೀ ನನ್ನೊಡನೆ ಮಾತಾಡಲಿಲ್ಲ. ಆ ವಾಕ್ಯವನ್ನು ಈಗಲೂ ತಿದ್ದುವುದಿಲ್ಲ, ನಕ್ಕದ್ದು ನಿಜ. ಆದರೆ ಅಂದು ಜಾಗ ಸಾಲದೆ ಬಿಟ್ಟ ಮಾತೊಂದಿದೆ. ಕೊನೆಯಲ್ಲಿ ಅವಳು ಮದುವೆಗೆ ಒಪ್ಪಿ “ಸರಿ, ಗಾಡಿ ತಳ್ಳು” ಎಂದಾಗ ಯಾರೂ ನಗಲಿಲ್ಲ.

ಇನ್ನೊಂದು ಮಾತು, ವಿಮರ್ಶಕರು ಬರೆಯದೆ ಬಿಟ್ಟದ್ದು. ನಿನ್ನ ನಾಟಕ, ಸಿನಿಮಾಗಳನ್ನೆಲ್ಲ ನೋಡಿದ್ದೇನೆ. ‘ಉಪ್ಪಿನ ಗೋದಾಮಿ’ನ ಲೆಕ್ಕಿಗ, ಬಹುಮಾನದ ಚಿತ್ರದ ನರ್ಸು, ಎಲ್ಲರೂ ಒಂದಲ್ಲ ಒಂದು ಕಡೆ ಅಮ್ಮನ ಹಾಗೆಯೇ ಎದುರುತ್ತರ ಕೊಡುತ್ತಾರೆ. ಬೇರೆ ಬೇರೆ ಬಟ್ಟೆ ತೊಡಿಸಿದ್ದೀಯೆ, ಅಷ್ಟೇ.

ರೀಲು ಅಟ್ಟದ ಬಿಸ್ಕತ್ತಿನ ಡಬ್ಬಿಯಲ್ಲಿ ಕೆಡದೆ ಉಳಿದಿದೆ. ಪ್ರೊಜೆಕ್ಟರಿನವರು ಬಂದು ಒಂದೆರಡು ಕಡೆ ಅಂಟಿಸಿ ಓಡಿಸಿ ನೋಡಿದರು. ಅಮ್ಮ ಮೀನಿನುಂಡೆ ಕಟ್ಟುತ್ತಾ ತನ್ನ ಮಾತು ಹೇಳಿಕೊಳ್ಳುತ್ತಾಳೆ, ಒಂದೂ ಮರೆತಿಲ್ಲ. ದೋಣಿಯವನ ಮಾತು ಬರುವ ಕಡೆ ನಿಲ್ಲಿಸಿ, ಅಷ್ಟು ಹೊತ್ತು ಕಾದು, ಮುಂದಿನದು ಹೇಳುತ್ತಾಳೆ.

ನಿನ್ನ ಹೆಂಡತಿಗೂ ಮಕ್ಕಳಿಗೂ ನಮ್ಮಿಬ್ಬರ ಆಶೀರ್ವಾದ ಹೇಳು. ನಿನಗೆ ಭೂಮಿತಾತ ಗಟ್ಟಿ ಮೊಣಕಾಲು ಕೊಡಲಿ.

ನಿನ್ನ ಅಕ್ಕ,
ಸೂ-ಲುವಾನ್

ಅಂಚೆಗೆ ಹಾಕುವ ಮುಂಚೆ ಒಂದು ಮಾತು: ನೀನು ಬಾರದಿದ್ದರೆ ದೋಣಿಯವನ ಮಾತನ್ನು ಖೂನ್-ಮು ಮಾವ ಹೇಳುತ್ತಾರಂತೆ. ಆಗಲೇ ಗುಡಿಯ ಹಿಂದೆ ಅಭ್ಯಾಸ ಶುರುವಾಗಿದೆ, ನಾಯಿಗಳು ಬೊಗಳುತ್ತಿವೆ. ಅಪ್ಪ ಹೋದ ಮೇಲೆ ಅವರು ಅಮ್ಮನನ್ನು ನಿಜವಾಗಿಯೂ ಮದುವೆಗೆ ಕೇಳಿದ್ದು, ಅಮ್ಮ ಬೇಡವೆಂದದ್ದು ನಿನಗೂ ನೆನಪಿದೆ. ಈಗ ಅಮ್ಮ ಹೇಳುವುದು ಇಷ್ಟು: “ಮಗ ಕೇಳಿದ್ರೆ ಅದು ಸಿನಿಮಾ. ಇವನು ಕೇಳಿದ್ರೆ ಊರೆಲ್ಲ ನಿಜ ಅಂದ್ಕೊಳ್ಳುತ್ತೆ. ಇವನಿಗೆ ‘ಗಾಡಿ ತಳ್ಳು’ ಅನ್ನಲ್ಲ, ‘ದಾರಿ ಬಿಡು’ ಅಂತೀನಿ.” ಹಾಗೇ ಮಾಡುತ್ತಾಳೆ. ನಿನ್ನ ಮೊದಲ ಸಿನಿಮಾದ ಕೊನೆ ಬದಲಾಗುತ್ತದೆ. ನಿನ್ನ ಉತ್ಸವ ಇಪ್ಪತ್ತೆರಡಕ್ಕೆ, ದಿನಗಳು ಅಡ್ಡ ಬರುವುದಿಲ್ಲ. ಪರದೆಯ ಹಿಂದೆ ಎರಡು ಸ್ಟೂಲು ಹಾಕಿಸಿದ್ದೇನೆ. ಪ್ರದರ್ಶನ ಹನ್ನೊಂದನೇ ತಾರೀಖು, ಸೋಮವಾರ, ಸಂಜೆ ಆರೂವರೆಗೆ.