ಕೊರಳಿನ ಲಿಂಗ, ಕಡಲಿನ ಮೀನು

ತಮ್ಮ ಗುರುಮಲ್ಲಪ್ಪನಿಗೆ, ಅಂಡಮಾನಿನಿಂದ ಅಣ್ಣನ ಆಶೀರ್ವಾದ.

ಇಲ್ಲಿ ಗಾಜಿನ ಮಾಸ್ಕ್ ಹಾಕಿಕೊಂಡು ಕಡಲಲ್ಲಿ ಮುಖ ಅದ್ದಿದರೆ ಬಣ್ಣದ ಮೀನು ಕಾಣುತ್ತವೆ. ಅವನ್ನು ನೋಡಲೆಂದೇ ನಾನು ಬಂದದ್ದು. ದಡದಲ್ಲಿ ನಮ್ಮ ಟೂರಿನ ಗೈಡು, "ಲೈಫ್ ಜಾಕೆಟ್ ಪಟ್ಟಿಗೆ ಸಿಕ್ಕಾಕೊಳ್ಳುತ್ತೆ, ಕೊರಳಲ್ಲಿರೋದು ತೆಗೀರಿ ಯಜಮಾನ್ರೇ" ಅಂದ.

"ಪ್ರಾಣ ಓದ್ರೂ ಲಿಂಗ ತೆಗಿಯಾಕಿಲ್ಲ ಕಣ್ಲಾ!" ಎಂದು ಜಗಳಕ್ಕೆ ನಿಂತೆ.

ನಿನ್ನ ಅತ್ತಿಗೆ ತನ್ನ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ತೋಳಿಗೆ ಬಿಗಿದುಕೊಂಡು, "ನಿಮ್ ಜಗ್ಳ ಮುಗಿಯಗಂಟ ಮೀನು ಕಾಯ್ಕಂಡ್ ಕೂತಿರ್ತವಾ?" ಎಂದವಳೇ ನೀರಿಗಿಳಿದಳು. ಹಳದಿ ಮೀನು ಕೈ ಹತ್ತಿರವೇ ಬಂದವಂತೆ. ಊಟಕ್ಕೆ ಕೂತರೂ ಅದೇ ಮಾತು.

ಮಂಡಿ ನೋವು ಕಡಿಮೆ. ಎಮ್ಮೆಗೆ ಹಿಂಡಿ ಹಾಕುವುದು ಮರೆಯಬೇಡ. ನಾಳೆ ನಾನೂ ತೋಳಿಗೆ ಕಟ್ಟಿಕೊಂಡು ಇಳಿಯುತ್ತೇನೆ. ಅವಳಿಗೆ ಇನ್ನೂ ಹೇಳಿಲ್ಲ.

ನಿನ್ನಣ್ಣ ರಾಚಪ್ಪ